ನಾಲ್ಕು ಚಾನೆಲ್, ಒಂದು ಹಳ್ಳ

ಇಯರ್‌ಫೋನ್ ಹಾಕಿಕೊಂಡಿದ್ದೀರಾ? ಎಡಕ್ಕೆ ಹಳ್ಳ. ತಲೆಯ ಮೇಲೆ ಅಡಿಕೆ ಸೋಗೆಯಿಂದ ಬೀಳುವ ಹನಿ. ಬೆನ್ನ ಹಿಂದೆ ಕಪ್ಪೆ. ಇದು ತೀರ್ಥಹಳ್ಳಿ ಹತ್ತಿರ, ನಮ್ಮಜ್ಜಿಯ ತೋಟ. ಬೆಳಗಿನ ಐದೂವರೆ.

ಈ ಆಂಬಿಸಾನಿಕ್ ಮೈಕ್, ಅಂದರೆ ಸುತ್ತಲಿನ ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವ ಮೈಕ್, ಸೆನ್‌ಹೈಸರ್ ಆಂಬಿಯೋ. ಒಳಗೆ ಸದ್ದು ಹಿಡಿಯುವ ನಾಲ್ಕು ಕ್ಯಾಪ್ಸೂಲ್, ನಾಲ್ಕೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿವೆ. ಒಂದೊಂದಕ್ಕೂ ಒಂದು ಚಾನೆಲ್ ಬೇಕು, ಒಂದೊಂದಕ್ಕೂ 48 ವೋಲ್ಟ್ ಫ್ಯಾಂಟಮ್ ಪವರ್ (ರೆಕಾರ್ಡರ್ ಕೇಬಲ್ ಮೂಲಕವೇ ಮೈಕಿಗೆ ಕೊಡುವ ವಿದ್ಯುತ್) ಬೇಕು. ಹಾಗಾದರೆ ನಾಲ್ಕು ಇನ್‌ಪುಟ್ ಇರುವ ಯಾವ ರೆಕಾರ್ಡರ್ ಆದರೂ ಸಾಕು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಹೋದ ಮಳೆಗಾಲ ಗೆಳೆಯನೊಬ್ಬನ ರೆಕಾರ್ಡರ್ ತಂದಿದ್ದೆ. ನಾಲ್ಕು ಚಾನೆಲ್‌ಗೆ ನಾಲ್ಕು ಬೇರೆ ಗೇನ್ ನಾಬ್ (ಸದ್ದಿನ ಮಟ್ಟ ಏರಿಸಿ ಇಳಿಸುವ ಗುಂಡಿ). ಕತ್ತಲಲ್ಲಿ ಚೀಲ ತಾಗಿ ಒಂದು ನಾಬ್ ಸ್ವಲ್ಪ ತಿರುಗಿತ್ತು, ನನಗೆ ಗೊತ್ತಾಗಲಿಲ್ಲ. ಮನೆಗೆ ಬಂದು ಕೇಳಿದರೆ ಹಳ್ಳ ತನ್ನ ಜಾಗದಲ್ಲೇ ಇಲ್ಲ. ಮೇಲಿಂದ ಬೀಳಬೇಕಾದ ಹನಿ ಪಕ್ಕದಿಂದ ಬರುತ್ತಿದೆ. ಯಾಕೆಂದರೆ ಹಿಂದೆ-ಮುಂದೆ, ಎಡ-ಬಲ, ಮೇಲೆ-ಕೆಳಗೆ ಎಲ್ಲವೂ ಸಿಗುವುದು ಆ ನಾಲ್ಕು ಸದ್ದನ್ನು ಕೂಡಿಸಿ, ಕಳೆದು. ಒಂದು ಮಟ್ಟ ತಪ್ಪಿದರೆ ಲೆಕ್ಕವೆಲ್ಲ ವಾಲುತ್ತದೆ. ಎಷ್ಟು ತಿರುಗಿತ್ತು, ಯಾವಾಗ ತಿರುಗಿತು ಗೊತ್ತಿಲ್ಲದೆ ಸರಿ ಮಾಡುವುದಾದರೂ ಹೇಗೆ? ಎರಡು ಗಂಟೆಯ ರೆಕಾರ್ಡಿಂಗ್ ಬಿಟ್ಟುಬಿಟ್ಟೆ. ಮನಸ್ಸಿಗೆ ತುಂಬಾ ನೋವಾಯಿತು.

ಹಾಗಾಗಿ ಈ ಸಲ ನಾನು ಮೊದಲು ನೋಡಿದ್ದು ಇಷ್ಟೇ: ನಾಲ್ಕು ಗೇನ್ ಒಟ್ಟಿಗೆ ಏರಿ ಇಳಿಯುತ್ತವೆಯಾ? ಸೌಂಡ್ ಡಿವೈಸಸ್ ಮಿಕ್ಸ್‌ಪ್ರೀ-6 ಟೂ ಎಂಬ ರೆಕಾರ್ಡರ್‌ನ ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ ಅನ್ನು ದೊಡ್ಡದು ಮಾಡುವ ಭಾಗ) ಬಹಳ ಶುದ್ಧ. ಆದರೆ ಅದರ ನಾಲ್ಕು ಎಕ್ಸ್‌ಎಲ್‌ಆರ್‌ ಮೈಕ್ ಇನ್‌ಪುಟ್ ಈ ಒಂದು ಮೈಕಿಗೇ ಮುಗಿದುಹೋಗುತ್ತವೆ. ಜೂಮ್ ಎಫ್8ಎನ್‌ಗೆ ಎಂಟು ಇನ್‌ಪುಟ್, ನನಗೆ ಅಷ್ಟು ಬೇಡ. ಕೊನೆಗೆ ಜೂಮ್ ಎಫ್6 ತೆಗೆದುಕೊಂಡೆ. ಆರು ಇನ್‌ಪುಟ್, ಆಂಬಿಸಾನಿಕ್ ಮೋಡ್ ಇದೆ, ಅದರಲ್ಲಿ ನಾಲ್ಕು ಗೇನ್ ಒಟ್ಟಿಗೆ ಏರಿ ಇಳಿಯುತ್ತವೆ. ಉಳಿದ ಎರಡರಲ್ಲಿ ಹಳ್ಳದ ಹತ್ತಿರ ಒಂದು ಸ್ಟೀರಿಯೋ ಜೋಡಿ ಇಡಬಹುದು.

32-ಬಿಟ್ ಫ್ಲೋಟ್ ಕೂಡ ಇದೆ, ಅಂದರೆ ತೀರಾ ಸಣ್ಣ ಸದ್ದು, ತೀರಾ ಜೋರು ಸದ್ದು ಎರಡನ್ನೂ ಹಿಡಿಯುವ ರೆಕಾರ್ಡಿಂಗ್ ವಿಧಾನ. ಗುಡುಗಿಗೆ ರೆಕಾರ್ಡಿಂಗ್ ಒಡೆಯುವ ಭಯ ಕಡಿಮೆ. ಆದರೆ ಅದರಿಂದ ಪ್ರೀಆಂಪಿನ ಹಿಸ್ ಸದ್ದು ಹೋಗುವುದಿಲ್ಲ, ಅದನ್ನು ನಂಬಿ ಅಗ್ಗದ ರೆಕಾರ್ಡರ್ ಕೊಳ್ಳಬೇಡಿ. ಮಳೆ ನಿಂತ ಮೇಲಿನ ತೋಟ ಎಷ್ಟು ನಿಶ್ಶಬ್ದ ಅಂದರೆ, ಸಣ್ಣ ಹಿಸ್ ಕೂಡ ಜೋರಾಗಿ ಕೇಳುತ್ತದೆ.

ಕಾರ್ಡ್ ದೊಡ್ಡದಿರಲಿ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ನಾಲ್ಕು ಚಾನೆಲ್ ಅಂದರೆ ಗಂಟೆಗೆ ಸುಮಾರು 2 ಜಿಬಿ. ನಾಲ್ಕು ಫ್ಯಾಂಟಮ್ ಇರುವಾಗ ಬ್ಯಾಟರಿಯೂ ಬೇಗ ಮುಗಿಯುತ್ತದೆ. ನಾನು ಪವರ್ ಬ್ಯಾಂಕ್ ಹಾಕಿದ್ದೇನೆ.

ಈಗ ಸುಮ್ನೆ ಕೇಳೋಣ. ಆ ಕಪ್ಪೆ ಇನ್ನೂ ಬೆನ್ನ ಹಿಂದೆಯೇ ಇದೆ.