ಕರ್ನಲ್ ಮರೆತ ಒಂದು ಮಾತು

ಕೇಳುಗರಿಗೆ ನಮಸ್ಕಾರ.

2016ರ ಅಕ್ಟೋಬರ್ ತಿಂಗಳಲ್ಲಿ ಲಿನಕ್ಸ್ ಕರ್ನಲ್‌ಗೆ, ಅಂದರೆ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೆ, ಒಂದು ತಿದ್ದುಪಡಿ ಸೇರಿತು. ಒಂದೇ ಪುಟದಲ್ಲಿ ಹಿಡಿಸುವಷ್ಟು ಸಣ್ಣದು. ಅದನ್ನು ಬರೆದ, ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್, ಇದು ಬಹಳ ಹಳೆಯ ದೋಷವೆಂದೂ ಹನ್ನೊಂದು ವರ್ಷಗಳ ಹಿಂದೆ ತಾವೇ ಇದನ್ನು ಸರಿಪಡಿಸಲು ಹೋಗಿ ಎಡವಿದ್ದಾಗಿಯೂ ತಿದ್ದುಪಡಿಯ ಟಿಪ್ಪಣಿಯಲ್ಲೇ ಒಪ್ಪಿಕೊಂಡರು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2016-5195 ಎಂಬ ಸಂಖ್ಯೆ ಪಡೆದ ಈ ದೋಷ 'ಡರ್ಟಿ ಕೌ' ಎಂದೇ ಹೆಸರಾಯಿತು. 'ಕಾಪಿ ಆನ್ ರೈಟ್', ಅಂದರೆ 'ಬರೆಯುವಾಗ ಪ್ರತಿ ಮಾಡು' ಎಂಬುದರ ಇಂಗ್ಲಿಷ್ ಮೊದಲಕ್ಷರಗಳೇ ಆ 'ಕೌ'. ಪಾಪ, ಹಸುವಿನ ತಪ್ಪೇನೂ ಇಲ್ಲ.

ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯೊಂದನ್ನು ನೆನೆಯಿರಿ. ಮೂಲ ಕಡತವನ್ನು ಯಾರು ಬೇಕಾದರೂ ಓದಬಹುದು. ಗೀಚಬೇಕೆನ್ನುವವರಿಗೆ ಗುಮಾಸ್ತರು ಜೆರಾಕ್ಸ್ ಮಾಡಿಸಿಕೊಡುತ್ತಾರೆ. ಕರ್ನಲ್ ಮಾಡುವುದೂ ಇದನ್ನೇ. ಒಂದು ಕಡತದ ಪುಟವನ್ನು, ಅಂದರೆ ಮೆಮೊರಿಯಲ್ಲಿರುವ ಅದರ ಒಂದು ತುಂಡನ್ನು, ಹಲವು ಪ್ರೋಗ್ರಾಂಗಳು ಓದುತ್ತಿರುವಾಗ ಎಲ್ಲರಿಗೂ ಒಂದೇ ಪುಟ ತೋರಿಸುತ್ತದೆ. ಖಾಸಗಿಯಾಗಿ ಬರೆಯಲು ಹೊರಟವನಿಗೆ ಮಾತ್ರ ಆ ಕ್ಷಣದಲ್ಲಿ ಪ್ರತ್ಯೇಕ ಪ್ರತಿ ಮಾಡಿಕೊಡುತ್ತದೆ.

ತೊಡಕು ಇದ್ದದ್ದು ಪ್ರತಿ ಮಾಡಿದ ನಂತರದ ಹೆಜ್ಜೆಯಲ್ಲಿ. ಓದಲು ಮಾತ್ರ ಅನುಮತಿಯಿರುವ ಜಾಗಕ್ಕೆ ಪ್ರೋಗ್ರಾಂ ತನ್ನದೇ ಮೆಮೊರಿಯ ಕಡತದ ಮೂಲಕ, ಅಂದರೆ /ಪ್ರಾಕ್/ಸೆಲ್ಫ್/ಮೆಮ್ ಮೂಲಕ ಬರೆದಾಗ, ಪ್ರತಿ ಸಿದ್ಧವಾದರೂ ಕರ್ನಲ್ ಇಟ್ಟುಕೊಳ್ಳುವ ಪುಟಗಳ ಪಟ್ಟಿಯಲ್ಲಿ ಅದು 'ಬರೆಯಲಾಗದು' ಎಂದೇ ಉಳಿಯುತ್ತದೆ. 'ಬರೆಯಬೇಕು' ಎಂದು ಮತ್ತೆ ಮತ್ತೆ ಕೇಳಿದರೆ ಕರ್ನಲ್ ಕೊನೆಯಿಲ್ಲದೆ ಸುತ್ತಬೇಕಾಗುತ್ತಿತ್ತು. ಅದನ್ನು ತಪ್ಪಿಸಲು ಒಂದು ಉಪಾಯ ಹೂಡಲಾಗಿತ್ತು: ಪ್ರತಿ ಆಗಿದೆಯಲ್ಲ, ಇನ್ನು 'ಬರೆಯಬೇಕು' ಎಂಬ ಗುರುತನ್ನು ಅಳಿಸಿ 'ಓದಬೇಕು' ಎಂದೇ ಪುಟ ಕೇಳೋಣ, ಹೇಗೂ ಸಿಗುವುದು ಆ ಪ್ರತಿಯೇ.

ಆದರೆ ಗುರುತು ಅಳಿಸಿದ್ದಕ್ಕೂ ಪುಟ ಕೇಳುವುದಕ್ಕೂ ನಡುವೆ, ಅದೇ ಪ್ರೋಗ್ರಾಂನ ಇನ್ನೊಂದು ಥ್ರೆಡ್, ಅಂದರೆ ಜೊತೆಜೊತೆಗೇ ನಡೆಯುವ ಕೆಲಸದ ಇನ್ನೊಂದು ಎಳೆ, ಬಂದು 'ಈ ಪುಟ ನನಗೆ ಬೇಡ' ಎಂದು ಪ್ರತಿಯನ್ನು ಬಿಸಾಡಿದರೆ? ಮರಳಿ ಬಂದ ಗುಮಾಸ್ತರ ಕೈಗೆ ಸಿಗುವುದು ಮೂಲ ಕಡತ. ಬಂದವನು ಗೀಚುವವನೆಂಬ ನೆನಪು ಅವರಿಗಿಲ್ಲ. ಓದುವವನೆಂದು ತಿಳಿದು ಮೂಲವನ್ನೇ ಕೊಡುತ್ತಾರೆ. ಹೀಗೆ ಸಾಮಾನ್ಯ ಬಳಕೆದಾರನೊಬ್ಬ, ರೂಟ್‌ಗೆ, ಅಂದರೆ ಎಲ್ಲ ಅಧಿಕಾರವಿರುವ ನಿರ್ವಾಹಕನಿಗೆ ಸೇರಿದ, ತಾನು ಓದಬಹುದಷ್ಟೇ ಹೊರತು ಬರೆಯಲಾಗದ ಕಡತವನ್ನು ತಿದ್ದಿಬಿಡಬಹುದಿತ್ತು. ಆ ಬಿರುಕು ಕಣ್ಣುಮುಚ್ಚಿ ತೆರೆಯುವುದಕ್ಕಿಂತ ಕಿರಿದು. ಆದರೆ ಎರಡು ಥ್ರೆಡ್‌ಗಳು ಲಕ್ಷಾಂತರ ಬಾರಿ ಪ್ರಯತ್ನಿಸಿದರೆ ಒಮ್ಮೆಯಾದರೂ ಗುರಿ ತಾಗುತ್ತದೆ, ದಾಳಿಕೋರನಿಗೆ ಒಮ್ಮೆ ಸಾಕು.

2005ರ ಮೊದಲ ಪರಿಹಾರ ತರ್ಕದಲ್ಲಿ ಸರಿಯಾಗಿಯೇ ಇತ್ತು: ಬರೆಯುವ ಕೋರಿಕೆ ಕೊನೆಯವರೆಗೂ ಬರೆಯುವ ಕೋರಿಕೆಯಾಗಿಯೇ ಇರಲಿ, ಪುಟಕ್ಕೆ 'ಡರ್ಟಿ' ಗುರುತು, ಅಂದರೆ 'ಇದರಲ್ಲಿ ಬರೆಯಲಾಗಿದೆ' ಎಂಬ ಗುರುತು, ಬಿದ್ದಿದ್ದರೆ ಮಾತ್ರ ಮುಂದುವರಿಯಲಿ. ಆದರೆ ಐಬಿಎಂನ ಎಸ್390 ಎಂಬ ದೊಡ್ಡ ಕಂಪ್ಯೂಟರ್‌ಗಳು ಆಗ ಆ ಗುರುತನ್ನು ಪುಟಗಳ ಪಟ್ಟಿಯಲ್ಲಿ ಇಡುತ್ತಿರಲಿಲ್ಲವಾದ್ದರಿಂದ ಅಲ್ಲಿ ತೊಂದರೆಯಾಗಿ, ಪರಿಹಾರವನ್ನೇ ಹಿಂತೆಗೆಯಲಾಯಿತು. ಎರಡು ಥ್ರೆಡ್‌ಗಳ ಈ ಓಟದಲ್ಲಿ ಯಾವ ದಾಳಿಕೋರನೂ ಗೆಲ್ಲಲಾರನೆಂಬ ನಂಬಿಕೆ ಆಗ ಇದ್ದಿರಬೇಕು. 2007ರ 2.6.22 ಆವೃತ್ತಿಯಿಂದ ಬಿರುಕು ಬಳಕೆಗೆ ಸಿಗುವಂತಾಯಿತು. ಅದು ಬಯಲಾದದ್ದು ಕೋಡ್ ಪರಿಶೀಲನೆಯಿಂದಲ್ಲ. ಫಿಲ್ ಓಸ್ಟರ್ ಎಂಬವರು ತಮ್ಮ ಸರ್ವರ್‌ಗೆ ಬರುವ ಎಚ್‌ಟಿಟಿಪಿ (ವೆಬ್) ಸಂಚಾರವನ್ನು ದಾಖಲಿಸಿಡುತ್ತಿದ್ದರು, ದಾಳಿಯ ಪ್ರೋಗ್ರಾಂ ಆ ದಾಖಲೆಯಲ್ಲಿ ಸಿಕ್ಕಿಬಿತ್ತು.

ಹೊಸ ಪರಿಹಾರದಲ್ಲಿ 'ಬರೆಯಬೇಕು' ಎಂಬ ಗುರುತನ್ನು ಅಳಿಸುವುದೇ ಇಲ್ಲ. 'ಪ್ರತಿ ಆಗಿದೆ' ಎಂಬ ಬೇರೆಯೇ ಗುರುತೊಂದನ್ನು ಪಕ್ಕದಲ್ಲಿ ಹಾಕಿ, ಆ ಮಾತು ಈಗಲೂ ನಿಜವೇ ಎಂಬುದನ್ನು 'ಡರ್ಟಿ' ಗುರುತಿನಿಂದ ತಾಳೆ ನೋಡುತ್ತಾರೆ. ಪ್ರತಿ ಮಾಯವಾಗಿದ್ದರೆ ಕರ್ನಲ್ ಮೊದಲಿನಿಂದ ಶುರುಮಾಡುತ್ತದೆ. ಒಂದು ಥ್ರೆಡ್ ಕೆಲಸ ಮಾಡುವಾಗ ಇನ್ನೊಂದನ್ನು ತಡೆದು ನಿಲ್ಲಿಸುವ ಹೊಸ ಲಾಕ್ ಒಂದೂ ಬೇಕಾಗಲಿಲ್ಲ ಎಂಬುದು ನನಗೆ ಇದರಲ್ಲಿ ಬಹಳ ಹಿಡಿಸಿದ ಸಂಗತಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ದೊಡ್ಡ ಪುಟಗಳ ವಿಷಯದಲ್ಲಿ, ಪ್ರತಿಯಾಗದೆಯೂ 'ಡರ್ಟಿ' ಗುರುತು ಬೀಳುವ ದಾರಿಯೊಂದಿದೆಯೆಂದು 2017ರಲ್ಲಿ ಗೊತ್ತಾಗಿ ಅದನ್ನೂ ಮುಚ್ಚಬೇಕಾಯಿತು. 2022ರಲ್ಲಿ, ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಮೆಮೊರಿಯ ಕಡೆಯಿಂದ ಮತ್ತೊಂದು ದಾರಿ ಕಂಡಿತು. ಆಗ ಆ 'ಪ್ರತಿ ಆಗಿದೆ' ಎಂಬ ಗುರುತನ್ನೇ ಕಿತ್ತುಹಾಕಿ, ಕೈಯಲ್ಲಿರುವ ಪುಟ ಈ ಪ್ರೋಗ್ರಾಂ ಒಂದಕ್ಕೇ ಸೇರಿದ ಖಾಸಗಿ ಪುಟವೇ ಎಂದು ಪುಟವನ್ನೇ ಕೇಳಿ ತಿಳಿಯುವ ಕ್ರಮವನ್ನು ತಂದರು.

ನಮಸ್ಕಾರ.