ಚೊಗರಿನ ಹಂಡೆ ಮುಂದೆ ಓದಿದ ಪುಸ್ತಕ

ವಿಡಿಯೊದಲ್ಲಿ ಹೊಗೆ ಜಾಸ್ತಿ ಇದೆ, ಸ್ವಲ್ಪ ತಡೆದುಕೊಳ್ಳಿ. ಇದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಇರುವ ನಮ್ಮ ಮನೆ ಅಂಗಳ. ಹಂಡೆಯಲ್ಲಿ ಕುದಿಯುತ್ತಿರುವುದು ಚೊಗರು, ಅಡಿಕೆ ಬೇಯಿಸಿ ಬಂದ ಒಗರು ನೀರು. ಸುಲಿದ ಹಸಿ ಅಡಿಕೆಯನ್ನು ಇದರಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಸುಗ್ಗಿ ಮುಗಿಯುವವರೆಗೂ ಈ ಒಗರು ವಾಸನೆ ನಮ್ಮ ಬಟ್ಟೆ ಬಿಟ್ಟು ಹೋಗುವುದಿಲ್ಲ.

ಹೋದ ವಾರ ಇದೇ ಒಲೆಗೆ ಸೌದೆ ಒಟ್ಟುತ್ತಾ ಡ್ಯೂನ್ ಓದಿ ಮುಗಿಸಿದೆ. ಫ್ರಾಂಕ್ ಹರ್ಬರ್ಟ್ ಅವರ 1965ರ ಕಾದಂಬರಿ. ಅದರಲ್ಲಿ ಅರಾಕಿಸ್ ಅಂತ ಒಂದು ಮರಳಿನ ಗ್ರಹ. ಸ್ಪೈಸ್ ಎಂಬ ಪದಾರ್ಥ ಸಿಗುವುದು ಅಲ್ಲಿ ಮಾತ್ರ. ತಿಂದವರ ಆಯಸ್ಸು ಹೆಚ್ಚುತ್ತದೆ. ನಕ್ಷತ್ರಗಳ ನಡುವೆ ಹಡಗು ನಡೆಸುವವರು ಅದರ ಬಲದಿಂದಲೇ ದಾರಿ ಕಾಣುತ್ತಾರೆ. ತಿಂದು ತಿಂದು ಕಣ್ಣಿನ ಬಿಳಿಯೂ ನೀಲಿಯಾಗುತ್ತದೆ. ಒಮ್ಮೆ ಒಗ್ಗಿದ ಮೇಲೆ ಬಿಟ್ಟರೆ ಸಾವೇ.

ಆ ನೀಲಿ ಕಣ್ಣು ಓದುವಾಗ ನನಗೆ ಅಜ್ಜನ ಹಲ್ಲು ನೆನಪಾಯಿತು. ಕವಳ, ಅಂದರೆ ಎಲೆ-ಅಡಿಕೆ, ಹಾಕಿ ಹಾಕಿ ಕೆಂಪಾಗಿದ್ದ ಹಲ್ಲು. ಊಟ ಬಿಟ್ಟರೂ ಅವರು ಕವಳ ಬಿಡುತ್ತಿರಲಿಲ್ಲ. ಅಡಿಕೆಯಲ್ಲಿ ಅರೆಕೋಲಿನ್ ಇದೆ, ಚಟ ಹಿಡಿಸುವುದು ಅದೇ. ತಂಬಾಕು ಸೇರಿಸದ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಮ್ಮ ಮನೆಯಲ್ಲಿ ಈ ಮಾತು ಎತ್ತುವುದು ಕಷ್ಟ. ನನ್ನ ಕಾಲೇಜು ಫೀಸು, ಅಕ್ಕನ ಮದುವೆ, ಈ ಕ್ಯಾಮೆರಾ, ಎಲ್ಲವೂ ಅಡಿಕೆಯ ದುಡ್ಡೇ ಅಲ್ವಾ?

ಅಪ್ಪಯ್ಯ ಕವಳ ಹಾಕುವುದಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಕೆಂಪಡಿಕೆಯ ಒಂದು ದರ್ಜೆಯಾದ ರಾಶಿ ಇಡಿಯ ರೇಟು ನೋಡದೆ ಕಾಫಿ ಮುಟ್ಟುವುದಿಲ್ಲ. ಮಳೆ ಹೆಚ್ಚಾಗಿ ಅಡಿಕೆಗೆ ಕೊಳೆರೋಗ ಬಿದ್ದ ವರ್ಷ ರಾತ್ರಿಯಿಡೀ ಜಗಲಿಯಲ್ಲಿ ಕೂತಿದ್ದರು. ತೋಟದಲ್ಲಿ ಎಲೆಚುಕ್ಕಿ ರೋಗ ಕಂಡಾಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕಾದಂಬರಿಯಲ್ಲೂ ಹೀಗೇ. ಸ್ಪೈಸ್ ನಿಂತರೆ ಹಡಗು ನಿಲ್ಲುತ್ತದೆ, ವ್ಯಾಪಾರ ನಿಲ್ಲುತ್ತದೆ, ಚಕ್ರವರ್ತಿಯ ಕುರ್ಚಿಯೂ ಅಲ್ಲಾಡುತ್ತದೆ. ತಿನ್ನುವವರಷ್ಟೇ ಗಟ್ಟಿಯಾಗಿ ಅದನ್ನು ಮಾರಿ ಬದುಕುವವರೂ ಸಿಕ್ಕಿಹಾಕಿಕೊಂಡಿದ್ದಾರೆ. ಇದನ್ನು ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯವನ್ನು ಅಪ್ಪಯ್ಯನಿಗೆ ಹೇಳಲೇಬೇಕು ಅನ್ನಿಸಿತು. ಸ್ಪೈಸ್ ಹುಟ್ಟುವುದು ದೈತ್ಯ ಮರಳುಹುಳುಗಳಿಂದ. ಆ ಹುಳುಗಳಿಗೆ ನೀರೇ ವಿಷ. ಅಲ್ಲಿನ ಜನರ ಕನಸು ಮಾತ್ರ ನೀರು, ಮರ, ಹಸಿರು. ಊರು ಹಸಿರಾಗುತ್ತಾ ಹೋದರೆ ಹುಳ ಸಾಯುತ್ತದೆ, ಸ್ಪೈಸೂ ಹೋಗುತ್ತದೆ.

ಇದನ್ನು ಹೇಳಿದಾಗ ಅಪ್ಪಯ್ಯ ಒಲೆಗೆ ಒಂದು ಸೌದೆ ಕುಂಟೆ ನೂಕಿದರು. ಸುಮಾರು ಹೊತ್ತು ಸುಮ್ನೆ ಇದ್ದರು. ಆಮೇಲೆ ಕೇಳಿದರು, "ಹಾಗಾದ್ರೆ ನೀರು ಬಂದ ಮೇಲೆ ಅವರು ಏನು ಬೆಳೀತಾರಂತೆ?"

ಈಗ ಕಾಣುತ್ತಿರುವುದು ನಮ್ಮ ಕೆಳಗಿನ ಗದ್ದೆ. ಭತ್ತ ನಿಲ್ಲಿಸಿ, ಅಡಿಕೆ ಸಸಿ ಇಡಲು ಬೇಸಿಗೆಯಲ್ಲೇ ಗುಂಡಿ ತೆಗೆಸಿದ್ದರು. ಮಳೆಗಾಲ ಮುಗಿಯಿತು. ಗುಂಡಿಗಳು ಇನ್ನೂ ಖಾಲಿ ಇವೆ.