‘ಮತ್ತು ಸಂಗಡಿಗರು’ ಯಾರು?

ಗುರುಹಿರಿಯರೇ, ಹಾಡುಗಾರ ಮಿತ್ರರೇ,

ಇವತ್ತಿನ ಮಾತು ಧ್ವನಿಮುದ್ರಣದ ಬಗ್ಗೆ, ಅದಕ್ಕೆ ಸಿಗಬೇಕಾದ ಪ್ರಶಸ್ತಿಯ ಬಗ್ಗೆ, ಅದರಲ್ಲಿ ಹೆಸರಿಲ್ಲದೆ ಉಳಿಯುವ ಹಿಮ್ಮೇಳದವರ ಬಗ್ಗೆ. ಮೈಸೂರಿನಲ್ಲಿ ನಿಂತು ಧ್ವನಿಮುದ್ರಣದ ಮಾತೆತ್ತಿದ ಮೇಲೆ ಗಾಯಕಿ ಗೌಹರ್ ಜಾನ್ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ಆಕೆ 1928ರಲ್ಲಿ ನಾಲ್ವಡಿಯವರ ಆಸ್ಥಾನ ಸೇರಿದರು. 1930ರ ಜನವರಿ 17ರಂದು ತೀರಿಕೊಂಡದ್ದೂ ಇದೇ ಊರಿನಲ್ಲಿ. ಹಾಡು ಮುಗಿಯುತ್ತಲೇ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿಬಿಡುತ್ತಿದ್ದರು. ಜಂಬವಲ್ಲ. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಲೇಬಲ್ ಅಂಟಿಸುವವರಿಗೆ ದನಿ ಯಾರದೆಂದು ತಿಳಿಯಬೇಕಿತ್ತು.

ರಾಷ್ಟ್ರಪ್ರಶಸ್ತಿ ಎಂದೊಡನೆ ನಮಗೆ ನೆನಪಾಗುವುದು ಸಿನಿಮಾ. ಶಿವಮೊಗ್ಗ ಸುಬ್ಬಣ್ಣನವರಿಗೆ ‘ಕಾಡು ಕುದುರೆ’ಯ ಹಾಡಿಗೆ 1978ರ ಸಾಲಿನ ಪ್ರಶಸ್ತಿ ಬಂತು. 1992ರ ಸಾಲಿನಲ್ಲಿ ‘ಜೀವನ ಚೈತ್ರ’ದ ಗಾಯನಕ್ಕೆ ರಾಜ್‌ಕುಮಾರ್ ಅವರಿಗೆ ಬಂತು. ನಟನೆಗೆ ಒಮ್ಮೆಯೂ ಸಿಗದ ರಾಷ್ಟ್ರಪ್ರಶಸ್ತಿ ಅಣ್ಣಾವ್ರಿಗೆ ಗಾಯನಕ್ಕೆ ಸಿಕ್ಕಿತು. ದೆಹಲಿಯವರ ಕಣ್ಣಿಗಿಂತ ಕಿವಿ ಚುರುಕಾಗಿತ್ತು ಅನ್ನಬೇಕು! ಇನ್ನು ಸಂಗೀತ ನಾಟಕ ಅಕಾಡೆಮಿ. ನಮ್ಮ ತಿರುಮಕೂಡಲಿನ ಪಿಟೀಲು ವಿದ್ವಾಂಸ ಚೌಡಯ್ಯನವರಿಗೆ 1957ರಲ್ಲಿ ಅದರ ಪ್ರಶಸ್ತಿ ಬಂತು. ಅದು ಅವರ ಒಟ್ಟು ವಿದ್ವತ್ತಿಗೆ ಸಂದದ್ದು, ಯಾವುದೋ ಒಂದು ರೆಕಾರ್ಡಿಗಲ್ಲ.

ಹಾಗಾದರೆ ಸಿನಿಮಾಕ್ಕೂ ಸೇರದ, ಸಭೆಯ ಕಛೇರಿಯೂ ಅಲ್ಲದ ಧ್ವನಿಮುದ್ರಣಗಳ ಗತಿಯೇನು? ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂತು. ಭಾವಗೀತೆ ಅಡುಗೆಮನೆಯವರೆಗೂ ಹೋದದ್ದು ಅಲ್ಲಿಂದಾಚೆ. ಸಿನಿಮಾ ಪ್ರಶಸ್ತಿಯ ಲೆಕ್ಕಕ್ಕೆ ಅದು ಬರುವುದೇ ಇಲ್ಲ.

ಮಂಡ್ಯದ ಕಡೆ ಬನ್ನಿ. ಜನಪದ ಕಥೆ ಹಾಡುವ ಮಳವಳ್ಳಿ ಮಹದೇವಸ್ವಾಮಿಯವರ ದನಿ ಕೇಳದ ಬಸ್ಸು, ಟ್ರ್ಯಾಕ್ಟರು, ಜಾತ್ರೆ ಈ ಸೀಮೆಯಲ್ಲಿ ಉಂಟೆ? ಇಡೀ ರಾತ್ರಿ ನಡೆಯುವ ಕಥೆಯನ್ನು ಕ್ಯಾಸೆಟ್ಟಿನ ಎರಡು ಮಗ್ಗುಲಿಗೆ ಕತ್ತರಿಸಿ ಕೂರಿಸುವುದು ಸಣ್ಣ ಕೆಲಸವಲ್ಲ. ಯಾವ ಸೊಲ್ಲು ಉಳಿಯಬೇಕು, ಯಾವುದು ಹೋಗಬೇಕು, ಟೇಪು ಮುಗಿಯುವಾಗ ಕಥೆ ಎಲ್ಲಿ ನಿಂತರೆ ಕೇಳುವವನು ಎದ್ದು ಮಗ್ಗುಲು ತಿರುಗಿಸುತ್ತಾನೆ — ಇದೆಲ್ಲ ಗೊತ್ತಿರಬೇಕು. ಕೇಳುವ ಜನ ಎದುರಿಗಿಲ್ಲ, ತಲೆದೂಗುವವರಿಲ್ಲ, ಗಾಜಿನ ಆಚೆ ಒಬ್ಬ ಕೈಸನ್ನೆ ಮಾಡುತ್ತಿರುತ್ತಾನೆ. ಅಲ್ಲಿ ಕಾವು ಬಿಡದಂತೆ ಹಾಡುವುದೇ ಬೇರೊಂದು ವಿದ್ಯೆ ಎನ್ನುವುದು ನನ್ನ ವಾದ. ಆ ವಿದ್ಯೆಗೆ ರಾಷ್ಟ್ರಮಟ್ಟದ ವೇದಿಕೆ ಬೇಕು.

ಆದರೆ ವೇದಿಕೆ ಹತ್ತುವವರು ಯಾರು? ಇಂಥ ಕ್ಯಾಸೆಟ್ಟಿನ ಮೇಲೆ ಮುಖ್ಯ ಗಾಯಕರ ಫೋಟೋ ಇರುತ್ತದೆ, ಕೆಳಗೆ ‘ಮತ್ತು ಸಂಗಡಿಗರು’. ಡಕ್ಕೆ ಎಂಬ ಚರ್ಮವಾದ್ಯ ಬಾರಿಸಿದವರು, ಗಲಗಲ ಎನ್ನುವ ಗಗ್ಗರ ಹಿಡಿದವರು, ಸೊಲ್ಲಿಗೆ ಸೊಲ್ಲು ಕೊಟ್ಟವರು ಎಲ್ಲರೂ ಆ ಎರಡು ಪದದೊಳಗೇ. ಒಂದು ದಿನದ ಕೂಲಿಯಂತೆ ದುಡ್ಡು ಕೊಟ್ಟು ಕಳಿಸಿದರೆ ಮುಗಿಯಿತು. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆ ತಿದ್ದುಪಡಿಯಾಗಿ, ಹಾಡಿದವರಿಗೂ ನುಡಿಸಿದವರಿಗೂ ವ್ಯಾಪಾರದ ಬಳಕೆಯಲ್ಲಿ ರಾಯಲ್ಟಿ ಕೇಳುವ ಹಕ್ಕು ಬಂದಿದೆ. ಕೇಳಲು ಹೋದವರು ಮೊದಲು ‘ಆ ಡಕ್ಕೆ ನನ್ನದು’ ಎಂದು ತೋರಿಸಬೇಕಲ್ಲ!

ನಮ್ಮ ಕಲಾವಿದರ ಪರವಾಗಿ ಇನ್ನು ಯಾವ ಪ್ರಶಸ್ತಿಗೆ ಅರ್ಜಿ ಹೋದರೂ ಹಿಮ್ಮೇಳದ ಪ್ರತಿಯೊಬ್ಬರ ಹೆಸರು, ಊರು ಅದರಲ್ಲಿರಲಿ. ಮಳವಳ್ಳಿ, ನರಸೀಪುರದ ಕಡೆಯವರು ಇಲ್ಲಿ ಬಹಳ ಮಂದಿ ಇದ್ದೀರಿ. ಮನೆಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟಿದ್ದರೆ ಗುಜರಿಗೆ ಹಾಕಬೇಡಿ. ಡಬ್ಬಿಯೊಳಗಿನ ಕಾಗದ ಸಮೇತ ತನ್ನಿ. ಯಾರು ಏನು ನುಡಿಸಿದ್ದು ಅಂತ ಹೇಳಬಲ್ಲ ಹಿರಿಯರು ಊರಲ್ಲಿದ್ದರೆ, ಬರುವಾಗ ಅವರನ್ನೂ ಜೊತೆಗೆ ಕರೆತನ್ನಿ.